ಮೂರು ಬಾರಿ ಔಷಧ ಹೊಡೆಸಿದರೂ ತಿಗಣೆ ಮರಳಿ ಬರುವುದೇಕೆ?

ನಿದ್ರಾವಂಚಿತ:

ಎಲ್ಲರಿಗೂ ನಮಸ್ಕಾರ. ಐದು ತಿಂಗಳಿಂದ ನಮ್ಮ ಮನೆಯಲ್ಲಿ ತಿಗಣೆಯ ಕಾಟ ನಡೆದಿದೆ. ಮೊದಲಿಗೆ ಸೊಳ್ಳೆ ಕಡಿತವೆಂದೇ ಭಾವಿಸಿ ಕಿಟಕಿಗಳಿಗೆ ಜಾಲರಿ ಹಾಕಿಸಿದೆವು. ಒಂದು ದಿನ ಹಾಸಿಗೆಯ ಮೇಲುಹಾಸನ್ನು ಬದಲಿಸುವಾಗ ಅಂಚಿನ ಹೊಲಿಗೆಯುದ್ದಕ್ಕೂ ಶಾಯಿ ಸಿಡಿದಂತೆ ಕಪ್ಪು ಚುಕ್ಕೆಗಳು ಕಂಡಾಗಲೇ ನಿಜಸಂಗತಿ ತಿಳಿದದ್ದು. ಅಂದಿನಿಂದ ಮೂರು ಬಾರಿ ಕೀಟನಾಶಕ ಹೊಡೆಸಿದ್ದೇವೆ. ಪ್ರತಿ ಬಾರಿಯೂ ಹತ್ತು ಹನ್ನೆರಡು ದಿನ ನೆಮ್ಮದಿಯಾಗಿ ಕಳೆಯುತ್ತದೆ. ಆಮೇಲೆ ಮತ್ತೆ ಅದೇ ಕಥೆ. ಎರಡನೆಯ ಬಾರಿ ಹೊಡೆಸಿದ ಮೇಲೆ ಬೇಸತ್ತು ಹಳೆಯ ಹಾಸಿಗೆಯನ್ನು ಹೊರಹಾಕಿ ಹೊಸದನ್ನು ತಂದೆವು. ನಾನಂತೂ ಮಲಗುವ ಕೋಣೆಯನ್ನೇ ಬಿಟ್ಟು ನಡುಮನೆಯ ಸೋಫಾದ ಮೇಲೆ ಮಲಗತೊಡಗಿದೆ. ಈಗ ಹೊಸ ಹಾಸಿಗೆಯಲ್ಲಿಯೂ ತಿಗಣೆ ಇದೆ, ಸೋಫಾದಲ್ಲಿಯೂ ಇದೆ. ಇದಕ್ಕಿಂತ ತೀಕ್ಷ್ಣವಾದ ಔಷಧವೇನಾದರೂ ಉಂಟೇ ಎಂಬುದು ನನ್ನ ಪ್ರಶ್ನೆ. ತಿಳಿದವರು ದಯವಿಟ್ಟು ಹೇಳಬೇಕು.

ಕೀಟಪ್ರಪಂಚ:

ನಿದ್ರಾವಂಚಿತರೇ, ತಮ್ಮ ಪ್ರಶ್ನೆಗೆ ಉತ್ತರ ತಮ್ಮ ಬರಹದಲ್ಲಿಯೇ ಇದೆ. ಆ "ಹತ್ತು ಹನ್ನೆರಡು ದಿನ"ಗಳನ್ನು ಗಮನಿಸಿ. ಕೋಣೆ ಬೆಚ್ಚಗಿದ್ದರೆ ತಿಗಣೆಯ ಮೊಟ್ಟೆ ಒಡೆಯಲು ಆರರಿಂದ ಹತ್ತು ದಿನ ಸಾಕು. ಸಾಮಾನ್ಯವಾಗಿ ಸಿಂಪಡಿಸುವ ಔಷಧಗಳು ನಡೆದಾಡುವ ತಿಗಣೆಗೆ ತಗುಲಿದಷ್ಟು ಸುಲಭವಾಗಿ ಮೊಟ್ಟೆಯ ಚಿಪ್ಪಿನೊಳಕ್ಕೆ ಇಳಿಯುವುದಿಲ್ಲ. ಸುಮಾರು ಒಂದು ಮಿಲಿಮೀಟರ್ ಉದ್ದದ, ಮುತ್ತಿನಂತೆ ಬೆಳ್ಳಗಿರುವ ಈ ಮೊಟ್ಟೆಗಳನ್ನು ಹೆಣ್ಣು ತಿಗಣೆಯು ಮರದ ಬಿರುಕಿನಲ್ಲೋ ಬಟ್ಟೆಯ ಮಡಿಕೆಯಲ್ಲೋ ಅಂಟಿಸಿಬಿಡುತ್ತದೆ. ದೊಡ್ಡವು ಸತ್ತ ಮೇಲೆ ಮನೆ ಶಾಂತವಾಗುತ್ತದೆ, ಮೊಟ್ಟೆಗಳು ತಮ್ಮ ಪಾಡಿಗೆ ಒಡೆಯುತ್ತವೆ, ಹೊರಬಂದ ಮರಿಗಳು ಹಸಿದುಕೊಂಡು ನಿಮ್ಮನ್ನು ಅರಸಿ ಬರುತ್ತವೆ. ಔಷಧದ ಸೋಲೆಂದು ತಾವು ತಿಳಿದದ್ದರಲ್ಲಿ ಬಹುಪಾಲು ಮುಂದಿನ ತಲೆಮಾರಿನ ಆಗಮನವೇ ಆಗಿದೆ.

ಈ ಕೀಟದ ಪಂಚಾಂಗವನ್ನು ತಿಳಿಯದೆ ಅದರೊಡನೆ ಸೆಣಸುವುದು ಕಷ್ಟ. ಮರಿಯು ಐದು ಬಾರಿ ಪೊರೆ ಕಳಚಿ ಪ್ರಾಯಕ್ಕೆ ಬರುತ್ತದೆ, ಮತ್ತು ಪ್ರತಿ ಬಾರಿ ಪೊರೆ ಕಳಚುವ ಮುನ್ನ ಒಮ್ಮೆಯಾದರೂ ಹೊಟ್ಟೆ ತುಂಬ ರಕ್ತ ಹೀರಲೇಬೇಕು. ಉಷ್ಣಾಂಶ 27 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದು ಆಹಾರವೂ ಸಿಗುತ್ತಿದ್ದರೆ ಮೊಟ್ಟೆಯಿಂದ ಮೊಟ್ಟೆಯಿಡುವವರೆಗಿನ ಸುತ್ತು ಐದಾರು ವಾರಗಳಲ್ಲಿ ಮುಗಿಯುತ್ತದೆ. ತಂಪು ಹೆಚ್ಚಿದಷ್ಟೂ ನಿಧಾನವಾಗುತ್ತದೆ. ಚೆನ್ನಾಗಿ ಉಂಡ ಹೆಣ್ಣು ದಿನಕ್ಕೆ ಒಂದರಿಂದ ಐದು ಮೊಟ್ಟೆಗಳನ್ನಿಡಬಲ್ಲದು, ಜೀವಮಾನದಲ್ಲಿ ಆ ಸಂಖ್ಯೆ ಇನ್ನೂರನ್ನು ದಾಟಬಹುದು. ಗಂಡಿನೊಡನೆ ಕೂಡಿದ ಒಂದೇ ಒಂದು ಹೆಣ್ಣು ಮನೆ ಹೊಕ್ಕರೂ ಸಾಕು, ಅದರ ಸಂತತಿ ತಮ್ಮತಮ್ಮಲ್ಲಿಯೇ ಕೂಡಿ ವಂಶವನ್ನು ಬೆಳೆಸಿಕೊಳ್ಳುತ್ತದೆ.

ಒಂದು ಸಂಗತಿಯನ್ನು ತಾವು ಬರೆದಿಲ್ಲ. ಮೂರು ಸಿಂಪಡಣೆಗಳ ನಡುವೆ ಎಷ್ಟೆಷ್ಟು ದಿನಗಳ ಅಂತರವಿತ್ತು?

ನಿದ್ರಾವಂಚಿತ:

ಸುಮಾರು ಒಂದೂವರೆ ತಿಂಗಳು. ಕಾಟ ಸಹಿಸಲಾಗದ ಮಟ್ಟಕ್ಕೆ ಬಂದಾಗ ಕರೆಸುತ್ತಿದ್ದೆವು.

ಕೀಟಪ್ರಪಂಚ:

ಅಂದರೆ ಉಳಿದ ಮೊಟ್ಟೆಗಳು ಒಡೆದು, ಮರಿಗಳು ಬಲಿತು, ಅವು ಮತ್ತೆ ಮೊಟ್ಟೆಯಿಡಲು ಆರಂಭಿಸುವ ಹೊತ್ತಿಗೆ ಸರಿಯಾಗಿ ಮುಂದಿನ ಸಿಂಪಡಣೆ ನಡೆದಿದೆ. ಎರಡನೆಯದನ್ನು ಮೊದಲನೆಯದಾದ ಎರಡು ವಾರಗಳ ಆಸುಪಾಸಿನಲ್ಲಿ, ಕಡಿತವಿರಲಿ ಇಲ್ಲದಿರಲಿ, ಮಾಡಿಸಬೇಕಿತ್ತು. ಆ ವೇಳೆಗೆ ಮೊಟ್ಟೆಗಳೆಲ್ಲ ಒಡೆದಿರುತ್ತವೆ, ಮರಿಗಳು ಇನ್ನೂ ಮೊಟ್ಟೆಯಿಡುವ ವಯಸ್ಸಿಗೆ ಬಂದಿರುವುದಿಲ್ಲ.

ಹಳೆಯ ಮಂಚ:

ಇಷ್ಟೆಲ್ಲ ಲೆಕ್ಕಾಚಾರ ಬೇಕೇ ಎಂದು ನನಗೆ ಅನ್ನಿಸುತ್ತದೆ. ನಾವು ಚಿಕ್ಕವರಿದ್ದಾಗ ಮನೆಯ ಹಿರಿಯರು ಹಾಸಿಗೆ ಮಂಚಗಳನ್ನು ಬಿಸಿಲಿಗೆ ಹಾಕಿ ಬಡಿಯುತ್ತಿದ್ದರು, ಮಂಚದ ಸಂದುಗಳಿಗೆ ಕುದಿಯುವ ನೀರು ಸುರಿಯುತ್ತಿದ್ದರು, ನಾಲ್ಕು ಕಾಲುಗಳ ಕೆಳಗೆ ಸೀಮೆಎಣ್ಣೆಯ ಬಟ್ಟಲುಗಳನ್ನಿಡುತ್ತಿದ್ದರು. ಔಷಧಕ್ಕಿಂತ ಅದೇ ಮೇಲು. ಅನುಭವಸ್ಥರ ಮಾತನ್ನು ಹಗುರವಾಗಿ ಕಾಣಬಾರದು.

ಸಂದುಗೊಂದು:

ಹಳೆಯ ಮಂಚ ಅವರೇ, ನಾನು ಹದಿನಾಲ್ಕು ವರ್ಷಗಳಿಂದ ಕೀಟ ನಿಯಂತ್ರಣದ ಕೆಲಸದಲ್ಲಿದ್ದೇನೆ. ಹಿರಿಯರು ಮಾಡುತ್ತಿದ್ದುದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು, ಕಾಲು ಪಾಲು ಅಪಾಯಕಾರಿಯಾಗಿತ್ತು. ಕುದಿಯುವ ನೀರು ಬಿದ್ದ ಜಾಗದಲ್ಲಿ ಮೊಟ್ಟೆಯೂ ಉಳಿಯುವುದಿಲ್ಲ, ಅದು ನಿಜ. ಕಾಲಿನ ಕೆಳಗೆ ಬಟ್ಟಲಿಡುವ ಉಪಾಯವನ್ನು ನಾವು ಇಂದಿಗೂ ಬೇರೆ ರೂಪದಲ್ಲಿ ಬಳಸುತ್ತೇವೆ. ಆದರೆ ಮಲಗುವ ಜಾಗದಲ್ಲಿ ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ಟುಗಳನ್ನಿಡುವುದು, ಅದಕ್ಕಿಂತ ಹೆಚ್ಚಾಗಿ ಅವನ್ನು ಹಾಸಿಗೆಗೆ ಚಿಮುಕಿಸುವುದು, ತಿಗಣೆಗಿಂತ ಮನೆಯನ್ನು ಸುಡುವ ಸಾಧ್ಯತೆ ಹೆಚ್ಚು. ಅಲ್ಲದೆ ಸ್ಪಿರಿಟ್ಟು ನೇರವಾಗಿ ಮೈಮೇಲೆ ಬಿದ್ದ ತಿಗಣೆಗಳಲ್ಲಿಯೇ ಎಷ್ಟೋ ಬದುಕಿಕೊಳ್ಳುತ್ತವೆ, ಆರಿದ ಮೇಲಂತೂ ಅದರಿಂದ ಏನೂ ಪ್ರಯೋಜನವಿಲ್ಲ.

ಬಿಸಿಲಿನ ವಿಷಯದಲ್ಲಿ ಸ್ವಲ್ಪ ವಿವರ ಬೇಕು. ತೆಳುವಾದ ಚಾಪೆ, ಹೊದಿಕೆಗಳಿಗೆ ಕಡು ಬಿಸಿಲು ಕೆಲಸ ಮಾಡೀತು. ದಪ್ಪ ಹಾಸಿಗೆಯ ಮೇಲ್ಮೈ ಕೈ ಸುಡುವಷ್ಟು ಕಾದಾಗಲೂ ಅದರ ಒಡಲು ತಣ್ಣಗೇ ಇರುತ್ತದೆ. ತಿಗಣೆ ಸುಮ್ಮನೆ ಕುಳಿತು ಸಾಯುವ ಪ್ರಾಣಿಯಲ್ಲ. ಬಿಸಿ ತಾಗಿದೊಡನೆ ನೆರಳಿನ ಮಗ್ಗುಲಿಗೆ ಸರಿಯುತ್ತದೆ. ಬಡಿದಾಗ ಉದುರಿದವು ಅಂಗಳದಿಂದ ಮತ್ತೆ ಒಳಕ್ಕೆ ಬರುವುದೂ ಉಂಟು.

ಇನ್ನು ನಿದ್ರಾವಂಚಿತರಿಗೆ ನನ್ನ ಮಾತು. ಔಷಧದ ಮಾತನ್ನು ಪಕ್ಕಕ್ಕಿಡಿ, ಮೊದಲು ಹುಡುಕಿ. ನಾನು ಒಂದು ಕೋಣೆಗೆ ಹೋದರೆ ಕೆಲಸದ ಅರ್ಧಕ್ಕಿಂತ ಹೆಚ್ಚು ಸಮಯ ಹುಡುಕುವುದರಲ್ಲಿಯೇ ಕಳೆಯುತ್ತದೆ. ಬಲಿತ ತಿಗಣೆ ನಾಲ್ಕೈದು ಮಿಲಿಮೀಟರ್ ಉದ್ದವಿದ್ದರೂ ಹಸಿದಿರುವಾಗ ಕಾಗದದಷ್ಟು ಚಪ್ಪಟೆ. ಒಂದು ದಪ್ಪ ರಟ್ಟು ತೂರುವ ಸಂದಿನಲ್ಲಿ ಅದು ಆರಾಮವಾಗಿ ಹಗಲು ಕಳೆಯುತ್ತದೆ. ಪ್ರಖರವಾದ ಕೈದೀಪ, ಒಂದು ತಿರುಪುಳಿ, ಬಳಸಿದ ಪ್ಲಾಸ್ಟಿಕ್ ಕಾರ್ಡು ಇಷ್ಟಿದ್ದರೆ ಸಾಕು. ಹಾಸಿಗೆಯ ನಾಲ್ಕು ಮೂಲೆಗಳ ಹೊಲಿಗೆ, ಅಂಚಿನ ಕೊಳವೆಯಂಥ ಪಟ್ಟಿ, ಗಾಳಿಯಾಡುವ ರಂಧ್ರ, ಚೀಟಿ ಹೊಲಿದ ಜಾಗಗಳನ್ನು ನೋಡಿ. ಆಮೇಲೆ ಮಂಚವನ್ನು ಬಿಚ್ಚಿ. ಹೌದು, ಬಿಚ್ಚಲೇಬೇಕು. ಹಲಗೆಗಳು ಕೂಡುವ ಸಂದು, ತಿರುಪಿನ ಗುಂಡಿಗಳು, ಅದರಲ್ಲಿಯೂ ತಲೆಯ ಕಡೆಯ ಹಲಗೆಯ ಹಿಂಬದಿ ಇವುಗಳ ಅಚ್ಚುಮೆಚ್ಚಿನ ತಾಣಗಳು. ಹೊಸ ಹಾಸಿಗೆ ತಂದ ಎಷ್ಟೋ ಜನ ಹಳೆಯ ಮಂಚದ ಮೇಲೆಯೇ ಅದನ್ನು ಹಾಸಿರುತ್ತಾರೆ. ತಮ್ಮಲ್ಲಿಯೂ ಹಾಗೆಯೇ ಆಗಿರಬೇಕು. ನಂತರ ಮಂಚದಿಂದ ಎರಡು ಮೀಟರ್ ದೂರದೊಳಗಿನ ಪ್ರತಿಯೊಂದು ವಸ್ತು: ಗೋಡೆಯ ಗಡಿಯಾರ, ಚಿತ್ರಪಟದ ಹಿಂಬದಿ, ಪರದೆಯ ಮಡಿಕೆ, ಕಪಾಟಿನ ಕೀಲು, ಪುಸ್ತಕದ ಬೆನ್ನು, ಸ್ವಿಚ್ ಬೋರ್ಡಿನ ಅಂಚು. ಬೋರ್ಡನ್ನು ಬಿಚ್ಚುವುದಿದ್ದರೆ ವಿದ್ಯುತ್ತನ್ನು ನಿಲ್ಲಿಸಿ.

ಜೀವಂತ ತಿಗಣೆಯೇ ಕಾಣಬೇಕೆಂದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಶಾಯಿಯಂತೆ ಹರಡುವ ಕಪ್ಪು ಚುಕ್ಕೆ ಅದರ ಹಿಕ್ಕೆ. ತಿಗಣೆಯದೇ ಆಕಾರದ, ಒಣ ಸಿಪ್ಪೆಯಂಥ ಖಾಲಿ ಚರ್ಮ ಅದು ಕಳಚಿದ ಪೊರೆ. ಕಾಟ ತೀರ ಹೆಚ್ಚಿದ ಕೋಣೆಯ ಬಾಗಿಲು ತೆರೆಯುತ್ತಲೇ ಮುಗ್ಗಿದ, ಸ್ವಲ್ಪ ಸಿಹಿ ಬೆರೆತ ವಾಸನೆಯೊಂದು ಮೂಗಿಗೆ ಬಡಿಯುತ್ತದೆ. ಒಮ್ಮೆ ಮೂಸಿದವರು ಮರೆಯಲಾರರು.

ಪುಟ್ಟಿಯ ಅಮ್ಮ:

ನಮ್ಮ ಮನೆಯಲ್ಲಿ ವಿಚಿತ್ರವೆಂದರೆ ನನಗೂ ಮಗಳಿಗೂ ಮೈತುಂಬ ದದ್ದುಗಳೇಳುತ್ತವೆ, ಅದೇ ಮಂಚದ ಮೇಲೆ ಮಲಗುವ ಯಜಮಾನರಿಗೆ ಒಂದು ಗುರುತೂ ಇಲ್ಲ. ತಿಗಣೆಯೇ ಇಲ್ಲ, ನಿನ್ನ ಭ್ರಮೆ ಎಂದು ಅವರು ವಾದಿಸುತ್ತಾರೆ. ಇದರಿಂದ ಮಗುವಿಗೆ ಯಾವುದಾದರೂ ರೋಗ ಅಂಟುವ ಭಯವಿದೆಯೇ?

ಚರ್ಮದ ಡಾಕ್ಟರು:

ತಮ್ಮದು ಭ್ರಮೆಯಲ್ಲ, ಯಜಮಾನರು ಸುಳ್ಳು ಹೇಳುತ್ತಿಲ್ಲ. ತಿಗಣೆ ಕಚ್ಚುವಾಗ ಅದರ ಜೊಲ್ಲಿನಲ್ಲಿರುವ ಪದಾರ್ಥಗಳು ನೋವನ್ನು ಮರೆಸಿ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ. ಆ ಜೊಲ್ಲಿಗೆ ನಮ್ಮ ಶರೀರ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ದದ್ದು ಏಳುವುದೂ ಏಳದಿರುವುದೂ ನಿಂತಿದೆ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಕೆಲವೇ ಗಂಟೆಗಳಲ್ಲಿ ತುರಿಕೆ ಆರಂಭವಾಗುತ್ತದೆ, ಹೊಸದಾಗಿ ಕಚ್ಚಿಸಿಕೊಂಡವರಲ್ಲಿ ಎರಡು ವಾರಗಳಷ್ಟು ತಡವಾಗಿ ಗುರುತು ಮೂಡುವುದೂ ಉಂಟು. ಹೀಗಿರುವುದರಿಂದ ದದ್ದನ್ನು ಮಾತ್ರ ನೋಡಿ ಇದು ತಿಗಣೆಯದೇ ಎಂದು ಹೇಳಲು ನನ್ನಿಂದ ಸಾಧ್ಯವಿಲ್ಲ. ಸಾಲಾಗಿ ಮೂರು ಕಡಿತಗಳಿದ್ದರೆ ತಿಗಣೆಯೇ ಎಂಬ ಮಾತು ಜನಜನಿತವಾಗಿದ್ದರೂ ಅದನ್ನು ನೆಚ್ಚಬಾರದು. ಕಜ್ಜಿಯ ನುಸಿ, ಚಿಗಟ, ಸೊಳ್ಳೆ, ಯಾವುದೋ ಸಾಬೂನಿನ ಒಗ್ಗದಿಕೆ, ಎಲ್ಲವೂ ಹೀಗೆಯೇ ಕಾಣಬಹುದು. ಕೀಟವನ್ನೋ ಅದರ ಹಿಕ್ಕೆಯನ್ನೋ ತೋರಿಸಿದರೆ ಮಾತ್ರ ನಿಶ್ಚಯ.

ರೋಗದ ಬಗ್ಗೆ ಹೇಳುವುದಾದರೆ, ತಿಗಣೆಯ ಶರೀರದಲ್ಲಿ ನಾನಾ ಸೂಕ್ಷ್ಮಾಣುಗಳು ಪತ್ತೆಯಾಗಿರುವುದು ನಿಜವಾದರೂ, ದಿನನಿತ್ಯದ ಬದುಕಿನಲ್ಲಿ ಅದು ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡುತ್ತದೆ ಎಂಬುದು ಇದುವರೆಗೆ ಸಿದ್ಧವಾಗಿಲ್ಲ. ಕೆರೆದುಕೊಂಡ ಜಾಗ ಕೀವುಗಟ್ಟುವುದು, ನಿದ್ದೆಗೆಡುವುದು, ತೀರ ವಿಪರೀತವಾದ ಕಾಟದಲ್ಲಿ ರಕ್ತಹೀನತೆ ಉಂಟಾಗುವುದು ನಿಜವಾದ ತೊಂದರೆಗಳು. ಮಗುವಿನ ಉಗುರನ್ನು ಚಿಕ್ಕದಾಗಿ ಕತ್ತರಿಸಿ, ತುರಿಕೆಗೆ ತಣ್ಣೀರ ಪಟ್ಟಿ ಇಡಿ. ಮುಲಾಮು ಮಾತ್ರೆಗಳನ್ನು ಮಗುವಿನ ವೈದ್ಯರನ್ನು ಕೇಳಿಯೇ ಕೊಡಿ. ಕೀಟನಾಶಕವನ್ನು ಮಗುವಿನ ಮೈಗಾಗಲಿ ಬಟ್ಟೆಗಾಗಲಿ ಯಾವ ಕಾರಣಕ್ಕೂ ತಾಗಿಸಬಾರದು.

ನಿದ್ರಾವಂಚಿತ:

ಸಂದುಗೊಂದು ಅವರು ಊಹಿಸಿದ್ದು ಅಕ್ಷರಶಃ ನಿಜ. ನಿನ್ನೆ ಮಂಚ ಬಿಚ್ಚಿದೆವು. ತಲೆಯ ಕಡೆಯ ಹಲಗೆಯ ಹಿಂದೆ, ತಿರುಪಿನ ಎರಡು ಗುಂಡಿಗಳಲ್ಲಿ ಕಪ್ಪು ಮೆತ್ತಿಕೊಂಡಿತ್ತು; ಕಾರ್ಡು ತೂರಿಸಿದಾಗ ಹತ್ತಾರು ಹೊರಬಿದ್ದವು. ಮೂರು ಬಾರಿಯೂ ಔಷಧ ಹೊಡೆದವರು ಹಲಗೆಯನ್ನು ಬಿಚ್ಚಿರಲಿಲ್ಲ, ನಾವೂ ಹೇಳಿರಲಿಲ್ಲ. ಆದರೆ ಸೋಫಾಕ್ಕೆ ಅವು ಬಂದದ್ದು ಹೇಗೆ? ನಾನೇ ಹೊತ್ತು ತಂದೆನೇ?

ಕೀಟಪ್ರಪಂಚ:

ಎರಡು ದಾರಿಗಳಿವೆ. ಹೇನಿನಂತೆ ತಿಗಣೆ ನಮ್ಮ ಮೈಮೇಲೆ ವಾಸ ಮಾಡುವುದಿಲ್ಲ. ಐದು ಹತ್ತು ನಿಮಿಷ ರಕ್ತ ಹೀರಿ ಬಿಲ ಸೇರುತ್ತದೆ. ಆದರೆ ತಾವು ಕೊಂಡೊಯ್ದ ದಿಂಬಿನಲ್ಲಿಯೋ ಹೊದಿಕೆಯಲ್ಲಿಯೋ ಒಂದೆರಡು ಪಯಣಿಸಿರಬಹುದು. ಇನ್ನೊಂದು ದಾರಿ ನಡಿಗೆ. ನಿಮಿಷಕ್ಕೆ ಸುಮಾರು ಒಂದು ಮೀಟರ್ ನಡೆಯಬಲ್ಲ ಕೀಟಕ್ಕೆ ಪಕ್ಕದ ಕೋಣೆ ದೂರವೇನಲ್ಲ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡು, ಮೈಯ ವಾಸನೆ, ಹತ್ತಿರ ಬಂದ ಮೇಲೆ ಮೈಯ ಬಿಸುಪು, ಇವು ಅದಕ್ಕೆ ದಾರಿದೀಪಗಳು. ಮಂಚ ಖಾಲಿಯಾದರೆ ಅವು ಉಪವಾಸದಿಂದ ಸಾಯುತ್ತವೆ ಎಂದು ಭಾವಿಸುವವರಿದ್ದಾರೆ. ಬಲಿತ ತಿಗಣೆ ಸಾಧಾರಣ ಉಷ್ಣಾಂಶದಲ್ಲಿ ಕೆಲವು ತಿಂಗಳು, ತಂಪಾದ ಜಾಗದಲ್ಲಿ ವರ್ಷದವರೆಗೂ ರಕ್ತವಿಲ್ಲದೆ ಕಾಯಬಲ್ಲದು. ಹಾಗಾಗಿ ಕಷ್ಟವೆನಿಸಿದರೂ ತಾವು ಮಂಚಕ್ಕೆ ಮರಳುವುದೇ ಒಳ್ಳೆಯದು. ತಾವಿರುವಲ್ಲಿಗೆ ಅವು ಬರುತ್ತವೆ. ಅವು ಬರುವ ಜಾಗ ಒಂದೇ ಆಗಿದ್ದರೆ ಹಿಡಿಯುವುದು ಸುಲಭ.

ಹೆಣ್ಣುಗಳ ವಿಚಾರದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಗಂಡು ತಿಗಣೆ ಕೂಡುವಾಗ ಹೆಣ್ಣಿನ ಹೊಟ್ಟೆಯನ್ನೇ ಚುಚ್ಚುತ್ತದೆ. ಪದೇ ಪದೇ ಚುಚ್ಚಿಸಿಕೊಂಡ ಹೆಣ್ಣಿನ ಆಯಸ್ಸು ಕುಗ್ಗುವುದರಿಂದ, ಹೊಟ್ಟೆ ತುಂಬಿದ ಹೆಣ್ಣು ಗುಂಪನ್ನು ತೊರೆದು ಬೇರೆ ಸಂದು ಹುಡುಕಿಕೊಳ್ಳುವ ಪ್ರವೃತ್ತಿಯನ್ನು ತೋರುತ್ತದೆ. ಗುಂಪು ದೊಡ್ಡದಾದಂತೆ ಮೊಟ್ಟೆ ಹೊತ್ತ ಹೆಣ್ಣುಗಳೇ ಮನೆಯ ಮೂಲೆಮೂಲೆಗೆ ಚದುರುವುದು ಹೀಗೆ. ಉಳಿದವು ಒಟ್ಟಾಗಿರಲು ಬಯಸುತ್ತವೆ. ಅವುಗಳ ಹಿಕ್ಕೆ ಮತ್ತು ಪೊರೆಗಳಲ್ಲಿರುವ ಹಿಸ್ಟಮೈನ್ ಎಂಬ ಪದಾರ್ಥವು "ಇಲ್ಲಿ ನಿಲ್ಲಬಹುದು" ಎಂಬ ಸಂಕೇತವನ್ನು ನೀಡುತ್ತದೆ ಎಂದು ಕೆನಡಾದ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಆದ್ದರಿಂದ ತಾವು ಕಂಡ ಆ ಕಪ್ಪು ಮೆತ್ತನ್ನು ಸಾಬೂನು ನೀರಿನಿಂದ ಉಜ್ಜಿ ತೆಗೆಯುವುದು ಕೇವಲ ಅಂದಕ್ಕಾಗಿ ಅಲ್ಲ.

ಬಾಡಿಗೆ ಮನೆ:

ಔಷಧದ ಮಾತಿಗೆ ಮರಳುವುದಾದರೆ, ಮುಚ್ಚಿದ ಕೋಣೆಯಲ್ಲಿ ಗುಂಡಿ ಒತ್ತಿ ಹೊರಬಂದರೆ ತಾನಾಗಿ ಹೊಗೆಯುಗುಳುವ ಡಬ್ಬಿಗಳಿವೆಯಲ್ಲ, ಅವು ಸಂದುಗೊಂದುಗಳನ್ನೂ ತಲುಪಲಾರವೇ? ಗೆಳೆಯರೊಬ್ಬರು ಧಾನ್ಯಕ್ಕೆ ಇಡುವ ಗುಳಿಗೆಯನ್ನು ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿದರೆ ಒಂದೇ ರಾತ್ರಿಯಲ್ಲಿ ಎಲ್ಲವೂ ಮುಗಿಯುತ್ತದೆ ಎಂದೂ ಹೇಳಿದರು.

ಸಂದುಗೊಂದು:

ಆ ಗುಳಿಗೆಯ ಮಾತನ್ನು ಮೊದಲು ಮುಗಿಸುತ್ತೇನೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದೊಡನೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಬಾಗಿಲು ಮುಚ್ಚಿದ ಮಾತ್ರಕ್ಕೆ ಅದು ಆ ಕೋಣೆಯಲ್ಲಿಯೇ ನಿಲ್ಲುವುದಿಲ್ಲ. ಬಿರುಕು, ಕೊಳವೆ, ಚಾವಣಿಯ ಸಂದುಗಳಿಂದ ಪಕ್ಕದ ಮನೆಯಲ್ಲಿ ಮಲಗಿರುವವರನ್ನು ತಲುಪುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ತಿಗಣೆ ಕೊಲ್ಲಲು ಹೋಗಿ ಜನರೇ ಸತ್ತ ಉದಾಹರಣೆಗಳಿವೆ. ಹೊಲಕ್ಕೆ ಹೊಡೆಯುವ ಔಷಧವನ್ನು ಮಲಗುವ ಕೋಣೆಗೆ ತರುವುದೂ ಇದೇ ಜಾತಿಯ ತಪ್ಪು.

ಹೊಗೆಡಬ್ಬಿಯನ್ನು ನಾನು ವೃತ್ತಿಯಲ್ಲಿ ಎಂದೂ ಬಳಸಿಲ್ಲ. ಅದರ ಹನಿಗಳು ಮೇಲಿನಿಂದ ಕೆಳಗೆ ಬಿದ್ದು ತೆರೆದ ಮೇಲ್ಮೈಯಲ್ಲಿ ಕೂರುತ್ತವೆಯೇ ಹೊರತು ಹೊಲಿಗೆಯೊಳಗೆ, ಹಲಗೆಯ ಹಿಂದೆ ತೂರುವುದಿಲ್ಲ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದವರು ಇವನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶವೂ ಅದನ್ನೇ ಹೇಳಿತು: ಅಡಗಿಕೊಂಡ ತಿಗಣೆಗಳಿಗೆ ಹೆಚ್ಚೇನೂ ಆಗಲಿಲ್ಲ. ಕಿವಿಗೆ ಕೇಳದ ಸದ್ದು ಹೊರಡಿಸಿ ಕೀಟ ಓಡಿಸುತ್ತೇವೆನ್ನುವ ವಿದ್ಯುತ್ ಉಪಕರಣಗಳ ಬಗ್ಗೆ ನಾನು ಎರಡು ಸಾಲು ಬರೆಯುವುದೂ ವ್ಯರ್ಥ.

ಕೀಟಪ್ರಪಂಚ:

ಔಷಧಕ್ಕೆ ಬಗ್ಗದ ತಿಗಣೆಗಳ ಕಥೆಯೂ ಹಳೆಯದೇ. ಎರಡನೆಯ ಮಹಾಯುದ್ಧದ ವೇಳೆಗೆ ಡಿಡಿಟಿ ಎಂಬ ಕೀಟನಾಶಕ ಬಂದಾಗ ತಿಗಣೆಯ ಕಾಲ ಮುಗಿಯಿತೆಂದು ಲೋಕವೇ ನಂಬಿತ್ತು. 1947ರಲ್ಲಿಯೇ ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ವಸತಿಗಳಲ್ಲಿ ಡಿಡಿಟಿಯನ್ನು ತಡೆದುಕೊಳ್ಳುವ ತಿಗಣೆಗಳು ಕಂಡುಬಂದವು. ಇಂದು ಮನೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಪೈರೆಥ್ರಾಯ್ಡ್ ಗುಂಪಿನ ಔಷಧಗಳು ಕೀಟದ ನರಗಳಲ್ಲಿ ಡಿಡಿಟಿ ಹಿಡಿಯುತ್ತಿದ್ದ ಜಾಗವನ್ನೇ ಹಿಡಿಯುತ್ತವೆ. ಆದ್ದರಿಂದ ಅಂದಿನ ಪಾಠವನ್ನು ಕಲಿತ ಕೀಟಕ್ಕೆ ಇಂದಿನ ಪಾಠ ಕಷ್ಟವಾಗಲಿಲ್ಲ. ಕೆಲವು ತಳಿಗಳಲ್ಲಿ ಮೈಮೇಲಿನ ಕವಚವೇ ದಪ್ಪವಾಗಿದೆ, ಕೆಲವು ವಿಷವನ್ನು ಒಡಲಿನಲ್ಲಿಯೇ ಒಡೆದುಹಾಕುತ್ತವೆ. ಇಂಥಲ್ಲಿ ಪ್ರಮಾಣವನ್ನು ಹೆಚ್ಚಿಸಿದರೆ ಹಾನಿ ಮನೆಯವರಿಗೆ. ಅಗತ್ಯವಿದ್ದರೆ ಬೇರೆ ಗುಂಪಿನ ಔಷಧವನ್ನು ಬಲ್ಲವರಿಂದ ಹಾಕಿಸಬೇಕು. ಒಣ ಪುಡಿಗಳಿಗೆ ಈ ತೊಡಕು ಕಡಿಮೆ. ಸಿಲಿಕಾ ಪುಡಿ ಅಥವಾ ಡಯಾಟಮ್ ಮಣ್ಣು (ಸೂಕ್ಷ್ಮ ಪಾಚಿಗಳ ಪಳೆಯುಳಿಕೆಯ ಪುಡಿ) ಕೀಟದ ಮೈಯ ಮೇಣದ ಪದರವನ್ನು ಕೆಡಿಸಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಇವೆರಡರಲ್ಲಿ ಸಿಲಿಕಾ ಬೇಗ ಕೆಲಸ ಮಾಡುತ್ತದೆ.

ಸಂದುಗೊಂದು:

ಆ ಪುಡಿಯ ಬಗ್ಗೆ ಒಂದು ಎಚ್ಚರಿಕೆ. ಜನ ಅದನ್ನು ರಂಗೋಲಿಯಂತೆ ದಪ್ಪಗೆ ಸುರಿಯುತ್ತಾರೆ. ದಪ್ಪಗಿದ್ದರೆ ತಿಗಣೆ ಸುತ್ತಿಕೊಂಡು ಹೋಗುತ್ತದೆ, ಮನೆಯವರು ಅದನ್ನು ಉಸಿರಾಡುತ್ತಾರೆ. ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ, ಸಂದುಗಳ ಒಳಗೆ ಮತ್ತು ಬೋರ್ಡಿನ ಹಿಂಬದಿಯಂಥ ಕೈ ತಾಗದ ಜಾಗಗಳಲ್ಲಿ ಮಾತ್ರ, ಮುಖಕ್ಕೆ ಮಾಸ್ಕ್ ಧರಿಸಿ ಹಾಕಬೇಕು. ಹಾಸಿಗೆಯ ಮೇಲೆ ಬೇಡ. ಕೀಟ ನಿಯಂತ್ರಣಕ್ಕೆಂದೇ ತಯಾರಾದ ಪುಡಿಯಾಗಿರಬೇಕು. ಈಜುಕೊಳದ ನೀರು ಸೋಸಲು ಬಳಸುವುದು ಶ್ವಾಸಕೋಶಕ್ಕೆ ಕೆಟ್ಟದ್ದು.

ನನ್ನ ನೆಚ್ಚಿನ ಆಯುಧ ಬಿಸಿ. 45 ಡಿಗ್ರಿಯಲ್ಲಿ ಬಲಿತವು ಸಾಯಲು ಸುಮಾರು ಒಂದೂವರೆ ಗಂಟೆ ಬೇಕು, ಮೊಟ್ಟೆಗಳು ಅದೇ ಬಿಸಿಯನ್ನು ಹಲವು ಗಂಟೆ ತಾಳುತ್ತವೆ. 50 ಡಿಗ್ರಿ ದಾಟಿತೆಂದರೆ ಎರಡೂ ಬೇಗ ಮುಗಿಯುತ್ತವೆ. ಈ ಬಿಸಿಗೆ ಒಗ್ಗಿಕೊಂಡು ಬದುಕುವ ತಳಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬಟ್ಟೆಗಳನ್ನು 60 ಡಿಗ್ರಿಯ ನೀರಿನಲ್ಲಿ ಒಗೆಯಿರಿ, ಅಥವಾ ಬಿಸಿಗಾಳಿಯ ಡ್ರೈಯರ್‌ನಲ್ಲಿ ಹೆಚ್ಚಿನ ಬಿಸಿಗೆ ಅರ್ಧ ಗಂಟೆ ತಿರುಗಿಸಿ. ಮಂಚ, ಹಾಸಿಗೆಯ ಹೊಲಿಗೆ, ಸೋಫಾದ ಮಡಿಕೆಗಳಿಗೆ ಉಗಿಯಂತ್ರ. ಉಗಿ ಕೊಡುವಾಗ ಅವಸರ ಬೇಡ. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿಗಿಂತ ವೇಗವಾಗಿ ಕೈ ಓಡಿಸಿದರೆ ಬಿಸಿ ಒಳಗಿಳಿಯುವುದಿಲ್ಲ, ಉಗಿಯ ರಭಸ ಹೆಚ್ಚಿದ್ದರೆ ತಿಗಣೆಗಳು ಸಾಯುವ ಬದಲು ಆ ರಭಸಕ್ಕೆ ಸಿಡಿದು ಚದುರುತ್ತವೆ. ಒದ್ದೆಯಾಗಬಾರದ ಪುಸ್ತಕ, ಪಾದರಕ್ಷೆಗಳನ್ನು ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಶೀತಪೆಟ್ಟಿಗೆಯಲ್ಲಿ ನಾಲ್ಕು ದಿನ ಇಟ್ಟರೂ ಆದೀತು.

ಕ್ರಮವನ್ನು ಮರೆಯಬೇಡಿ. ಮೊದಲು ವ್ಯಾಕ್ಯೂಮ್ ಕ್ಲೀನರ್‌ನ ಕಿರಿದಾದ ಮೂತಿಯಿಂದ ಸಿಕ್ಕಷ್ಟನ್ನೂ ಎಳೆದು, ಅದರ ಚೀಲವನ್ನು ಬಿಗಿಯಾಗಿ ಕಟ್ಟಿ ಮನೆಯ ಹೊರಗೆ ವಿಲೇವಾರಿ ಮಾಡಿ. ಅಂಟಿದ ಮೊಟ್ಟೆಗಳು ಅದಕ್ಕೆ ಬಗ್ಗವು, ಅವಕ್ಕೆ ಉಗಿ. ಆರಿದ ಮೇಲೆ ಸಂದುಗಳಿಗೆ ಪುಡಿ ಅಥವಾ ಔಷಧ. ಕೊನೆಗೆ ಹಾಸಿಗೆಗೆ ಎಲ್ಲ ಕಡೆಯಿಂದಲೂ ಜಿಪ್ ಮುಚ್ಚುವ ಪೂರ್ತಿ ಚೀಲ ತೊಡಿಸಿ ಒಂದು ವರ್ಷ ತೆಗೆಯದಿರಿ. ಒಳಗುಳಿದವು ಅಲ್ಲಿಯೇ ಹಸಿದು ಸಾಯುತ್ತವೆ.

ಹಳೆಯ ಮಂಚ:

ಸೀಮೆಎಣ್ಣೆಯ ವಿಷಯದಲ್ಲಿ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಬಟ್ಟಲುಗಳ ಹೊಸ ರೂಪ ಎಂದಿರಲ್ಲ, ಅದೇನು?

ಕೀಟಪ್ರಪಂಚ:

ಒಂದರೊಳಗೊಂದು ಬಟ್ಟಲಿಟ್ಟಂತಿರುವ ಬಲೆ. ಮಂಚದ ಕಾಲು ಒಳಗಿನ ಬಟ್ಟಲಿನಲ್ಲಿ ನಿಲ್ಲುತ್ತದೆ. ಹೊರಗೋಡೆ ಒರಟಾಗಿರುವುದರಿಂದ ನೆಲದಿಂದ ಬಂದ ತಿಗಣೆ ಹತ್ತಿ ಒಳಗೆ ಬೀಳುತ್ತದೆ, ಒಳಗೋಡೆ ನುಣುಪಾಗಿರುವುದರಿಂದ ಮೇಲೇರಲಾರದೆ ಉಳಿಯುತ್ತದೆ. ಹೊರಗಿನ ಕಂದಕದಲ್ಲಿ ಬಿದ್ದದ್ದು ಕೋಣೆಯಿಂದ ಬಂದದ್ದು, ಒಳಗಿನದರಲ್ಲಿ ಬಿದ್ದದ್ದು ಮಂಚದಿಂದ ಇಳಿದದ್ದು. ಹೀಗೆ ಶತ್ರು ಯಾವ ದಿಕ್ಕಿನಲ್ಲಿದ್ದಾನೆಂಬುದೂ ತಿಳಿಯುತ್ತದೆ. ಮಂಚ ಗೋಡೆಗೆ ತಾಗಬಾರದು, ಹೊದಿಕೆ ನೆಲ ಮುಟ್ಟಬಾರದು. ಇಲ್ಲವಾದರೆ ಅವು ಸೇತುವೆಯಾಗುತ್ತವೆ.

ಇಲ್ಲಿಯೂ ಒಂದು ಮಿತಿಯಿದೆ. ಮನುಷ್ಯರನ್ನು ಕಾಡುವ ತಿಗಣೆಗಳಲ್ಲಿ ಎರಡು ಪ್ರಭೇದಗಳು ಮುಖ್ಯ. ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಹೆಸರಿಸಿದ ಸೈಮೆಕ್ಸ್ ಲೆಕ್ಟುಲೇರಿಯಸ್ ಸಮಶೀತೋಷ್ಣ ನಾಡುಗಳಲ್ಲಿ ಹೆಚ್ಚು, ಸೈಮೆಕ್ಸ್ ಹೆಮಿಪ್ಟೆರಸ್ ಉಷ್ಣವಲಯದಲ್ಲಿ ಹೆಚ್ಚು. ಈ ಎರಡನೆಯದು ನುಣುಪಾದ ಗೋಡೆಯನ್ನು ಮೊದಲನೆಯದಕ್ಕಿಂತ ಚೆನ್ನಾಗಿ ಏರಬಲ್ಲದು. ಹಾಗಾಗಿ ಬಿಸಿನಾಡುಗಳಲ್ಲಿರುವವರು ಬಲೆಯ ಒಳಗೋಡೆಗೆ ಟಾಲ್ಕ್ ಪುಡಿಯನ್ನು ತೆಳುವಾಗಿ ಸವರಿ, ಆಗಾಗ ಒರೆಸಿ ಹೊಸದಾಗಿ ಸವರುತ್ತಿರಬೇಕು. ಬಟ್ಟಲು ಬರಿದಾಗಿದೆ ಎಂಬ ಒಂದೇ ಕಾರಣಕ್ಕೆ ಮನೆ ಶುದ್ಧವಾಯಿತೆಂದು ತಿಳಿಯಬಾರದು.

ಬಲೆಯ ಮಾತು ಬಂದದ್ದರಿಂದ ನೆನಪಾಯಿತು. ಬಾಲ್ಕನ್ ಪ್ರದೇಶದಲ್ಲಿ ಹಿಂದೆ ಮಂಚದ ಸುತ್ತ ಬೀನ್ಸ್ ಗಿಡದ ಎಲೆಗಳನ್ನು ಹರಡಿ, ಬೆಳಗ್ಗೆ ತಿಗಣೆ ಸಮೇತ ಗುಡಿಸಿ ಸುಡುತ್ತಿದ್ದರು. ಎಲೆಯ ಮೇಲಿನ ಕೊಕ್ಕೆಯಂಥ ಸೂಕ್ಷ್ಮ ರೋಮಗಳು ತಿಗಣೆಯ ಕಾಲನ್ನು ಚುಚ್ಚಿ ಹಿಡಿಯುತ್ತವೆ. ಅದನ್ನು ಅನುಕರಿಸಿ ಕೃತಕ ಎಲೆ ಮಾಡಲು ಹೊರಟ ವಿಜ್ಞಾನಿಗಳಿಗೆ ಗಿಡದಷ್ಟು ಕೌಶಲ ಸಿದ್ಧಿಸಲಿಲ್ಲ.

ಬಾಡಿಗೆ ಮನೆ:

ನಮ್ಮದು ಹಲವು ಸಂಸಾರಗಳಿರುವ ಕಟ್ಟಡ. ನಾನೊಬ್ಬನೇ ಇಷ್ಟೆಲ್ಲ ಮಾಡಿದರೆ ಪ್ರಯೋಜನವಿದೆಯೇ? ಪಕ್ಕದವರನ್ನು ಕೇಳಲು ಸಂಕೋಚ. ಮನೆ ಕೊಳಕಾಗಿಟ್ಟುಕೊಂಡಿದ್ದಾರೆ ಎಂದುಕೊಂಡಾರು ಎಂಬ ಅಳುಕೂ ಇದೆ.

ಸಂದುಗೊಂದು:

ಆ ಸಂಕೋಚವೇ ತಿಗಣೆಯ ಬಂಡವಾಳ. ಅದಕ್ಕೆ ಬೇಕಾದದ್ದು ರಕ್ತ, ಕೊಳೆಯಲ್ಲ. ಹೊಳೆಯುವ ವಸತಿಗೃಹಗಳಲ್ಲಿಯೂ ನಾನು ಕೆಲಸ ಮಾಡಿದ್ದೇನೆ. ಸಾಮಾನು ತುಂಬಿದ ಮನೆಯಲ್ಲಿ ಅಡಗಲು ಜಾಗ ಹೆಚ್ಚು ಎಂಬುದಷ್ಟೇ ವ್ಯತ್ಯಾಸ. ಅದು ಬರುವುದು ಪ್ರಯಾಣದ ಪೆಟ್ಟಿಗೆಯಲ್ಲಿ, ಕೈಬದಲಾದ ಮಂಚ ಸೋಫಾಗಳಲ್ಲಿ, ಅತಿಥಿಯ ಚೀಲದಲ್ಲಿ. ಕಟ್ಟಡದೊಳಗೆ ಬಂದ ಮೇಲೆ ನೀರಿನ ಮತ್ತು ವಿದ್ಯುತ್ತಿನ ಕೊಳವೆಗಳ ಸುತ್ತಲಿನ ಸಂದುಗಳೇ ರಾಜಮಾರ್ಗ. ಎಡ, ಬಲ, ಮೇಲೆ, ಕೆಳಗೆ ಇರುವ ಮನೆಗಳನ್ನೂ ಒಂದೇ ವಾರದಲ್ಲಿ ಪರಿಶೀಲಿಸದಿದ್ದರೆ ನೀವು ಓಡಿಸಿದ್ದು ಅಲ್ಲಿ ಬೆಳೆದು ಮರಳಿ ಬರುತ್ತದೆ. ಮನೆಯ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಹಿಡಿದ ಕೀಟವನ್ನು ಪಾರದರ್ಶಕ ಟೇಪಿಗೆ ಅಂಟಿಸಿ ಇಟ್ಟುಕೊಳ್ಳಿ.

ಕೀಟಪ್ರಪಂಚ:

ಪ್ರಯಾಣಿಕರಿಗೆ ಒಂದು ಸೇರ್ಪಡೆ: ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನುಷ್ಯರಿಲ್ಲದ ಕೋಣೆಯಲ್ಲಿ ತಿಗಣೆಗಳು ಒಗೆದ ಬಟ್ಟೆಯ ಚೀಲಕ್ಕಿಂತ ತೊಟ್ಟ ಬಟ್ಟೆಯ ಚೀಲವನ್ನು ಸುಮಾರು ಎರಡು ಪಟ್ಟು ಹೆಚ್ಚಾಗಿ ಆರಿಸಿಕೊಂಡವು. ತೊಟ್ಟು ಬಿಚ್ಚಿದ ಬಟ್ಟೆಯನ್ನು ಬಿಗಿಯಾಗಿ ಮುಚ್ಚಿದ ಚೀಲದಲ್ಲಿಡುವುದೂ, ಪೆಟ್ಟಿಗೆಯನ್ನು ಹಾಸಿಗೆಯ ಮೇಲಿಡದಿರುವುದೂ ಕಷ್ಟದ ಕೆಲಸಗಳಲ್ಲ.

ನಿದ್ರಾವಂಚಿತ:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಮಂಚದ ಪ್ರತಿ ಸಂದಿಗೂ ಉಗಿ ಕೊಟ್ಟೆವು, ತಿರುಪಿನ ಗುಂಡಿಗಳನ್ನು ಪುಡಿ ಊದಿ ಮುಚ್ಚಿದೆವು, ಹಾಸಿಗೆಗೆ ಚೀಲ ತೊಡಿಸಿದೆವು, ಸಿಂಪಡಣೆಯನ್ನು ಎರಡು ವಾರಗಳ ಅಂತರದಲ್ಲಿ ಮೂರು ಬಾರಿ, ಹಲಗೆಗಳನ್ನು ಬಿಚ್ಚಿಸಿಯೇ ಮಾಡಿಸಿದೆವು. ಗೋಡೆ ಗಡಿಯಾರದ ಹಿಂದೆಯೂ ನಾಲ್ಕು ಸಿಕ್ಕವು. ನಾನು ಕೋಣೆಗೆ ಮರಳಿದ್ದೇನೆ. ಮೊದಲ ವಾರ ಬಲೆಯಲ್ಲಿ ಹನ್ನೊಂದು, ಎರಡನೆಯ ವಾರ ಮೂರು, ಆಮೇಲೆ ಸೊನ್ನೆ. ಸಂತೋಷಪಡುತ್ತಿರುವಾಗಲೇ ಮೊನ್ನೆ ಸೋಫಾದ ಕಾಲಿನ ಬಟ್ಟಲಿನಲ್ಲಿ ಸಾಸಿವೆಗಿಂತ ಚಿಕ್ಕದಾದ, ಬಹುತೇಕ ಬಣ್ಣವೇ ಇಲ್ಲದ ಒಂದು ಮರಿ ಕಂಡಿತು. ಎಲ್ಲವೂ ಮತ್ತೆ ಮೊದಲಿನಿಂದಲೇ?

ಕೀಟಪ್ರಪಂಚ:

ಗಾಬರಿ ಬೇಡ. ಬಣ್ಣವಿಲ್ಲದ ಮರಿಯೆಂದರೆ ಇನ್ನೂ ರಕ್ತದ ರುಚಿ ಕಾಣದ, ಮೊದಲ ಹಂತದ್ದು. ಐದು ವಾರಗಳ ಹಿಂದಿನ ಮೊಟ್ಟೆಗಳು ಎಂದೋ ಒಡೆದಿರುವುದರಿಂದ, ಇದು ಬಹುಮಟ್ಟಿಗೆ ಈಚೆಗೆ ಇಟ್ಟ ಮೊಟ್ಟೆಯಿಂದ ಬಂದದ್ದು. ಅಂದರೆ ಸೋಫಾದಲ್ಲೋ ಅದರ ಆಸುಪಾಸಿನಲ್ಲೋ ಬಲಿತ ಹೆಣ್ಣೊಂದು ಉಳಿದಿದೆ. ಸೋಫಾವನ್ನು ತಲೆಕೆಳಗು ಮಾಡಿ ನೋಡಿದ್ದೀರಾ?

ನಿದ್ರಾವಂಚಿತ:

ಮಾಡಿದೆವು. ಅಡಿಯಲ್ಲಿ ಪಿನ್ ಹೊಡೆದು ಬಿಗಿದಿದ್ದ ಕಪ್ಪು ಬಟ್ಟೆಯನ್ನು ಕಿತ್ತಾಗ ಮರದ ಮೂಲೆಯಲ್ಲಿ ಎರಡು ಬಲಿತವು, ಒಡೆದ ಚಿಪ್ಪುಗಳು, ಒಡೆಯದ ಆರು ಮೊಟ್ಟೆಗಳು ಇದ್ದವು. ಬಟ್ಟೆಯನ್ನು ಮತ್ತೆ ಹೊಡೆಸದೆ ತೆಗೆದೇಬಿಟ್ಟು, ಇಡೀ ಅಡಿಭಾಗಕ್ಕೆ ಉಗಿ ಕೊಟ್ಟಿದ್ದೇವೆ. ಎರಡು ವಾರಗಳ ನಂತರ ಮತ್ತೊಮ್ಮೆ ಕೊಡುತ್ತೇವೆ.

ಸಂದುಗೊಂದು:

ಸರಿಯಾಗಿಯೇ ಮಾಡಿದ್ದೀರಿ. ಇಂದಿನಿಂದ ಎಂಟು ವಾರ ಎಣಿಸಿ. ಅಷ್ಟು ದಿನವೂ ಬಲೆಯಲ್ಲಾಗಲಿ ಹೊಲಿಗೆಯಲ್ಲಾಗಲಿ ಹೊಸ ಗುರುತು ಕಾಣದಿದ್ದರೆ ಸೋಫಾದ ಅಡಿಗೆ ಬಟ್ಟೆ ಹೊಡೆಸಿಕೊಳ್ಳಬಹುದು. ಹಾಸಿಗೆಯ ಚೀಲಕ್ಕೆ ಮಾತ್ರ ವರ್ಷ ತುಂಬುವವರೆಗೆ ಕೈ ಹಾಕಬೇಡಿ.